ಹನ್ನೊಂದನೆಯ ಲಟ್ಟಣಿಗೆಯ ಕುರಿತು ಫೋನಿನ ಸಾಹೇಬರಿಗೆ

ನಿರುದ್ಯೋಗ ರಕ್ಷಾ ನಿಧಿಯ ಮೇಲ್ಮನವಿ ವಿಚಾರಣಾಧಿಕಾರಿಗಳಾದ ಮಾನ್ಯರೇ,

ಕಾಗವಾಡ ತಾಲೂಕಿನ ಗಡಿಯಂಚಿನ ಹಳ್ಳಿಯಿಂದ ತ್ರಿಶಲಾ ಭೀಮಗೊಂಡ ಮಗದುಮ್ ಮಾಡುವ ಅನಂತ ನಮಸ್ಕಾರಗಳು. ಇಂಥ ಪತ್ರಗಳಲ್ಲಿ ನಮಸ್ಕಾರವನ್ನು ಪಾದಗಳಿಗೆ ಸಲ್ಲಿಸುವುದು ವಾಡಿಕೆ. ಆದರೆ ಇಲ್ಲಿಯವರೆಗೆ ನನಗೆ ಪರಿಚಯವಾಗಿರುವುದು ತಮ್ಮ ಧ್ವನಿ ಮಾತ್ರ ಆದ್ದರಿಂದ, ಸದ್ಯಕ್ಕೆ ಅದಕ್ಕೇ ಸಲ್ಲಿಸಿ, ಪಾದಗಳ ಪಾಲನ್ನು ತಾವು ನಮ್ಮೂರಿಗೆ ದಯಮಾಡಿಸಿದ ದಿನ ಕೊಡೋಣವೆಂದು ತೆಗೆದಿರಿಸಿದ್ದೇನೆ. ಇಲ್ಲಿ ನಾನು, ನನ್ನ ಯಜಮಾನರು, ನಮ್ಮ ಎರಡೂ ಎಮ್ಮೆಗಳು ಕ್ಷೇಮ. ಎಮ್ಮೆಗಳ ಮುಂದಿನ ಕ್ಷೇಮ ತಮ್ಮ ಆದೇಶವನ್ನೇ ಅವಲಂಬಿಸಿರುವುದರಿಂದ ಅವುಗಳ ಹೆಸರನ್ನು ಬೇರೆಯಾಗಿ ಎತ್ತಿದ್ದೇನೆ.

ಈ ಪತ್ರದ ಒಂದು ಪ್ರತಿಯನ್ನು ವಾರಪತ್ರಿಕೆಗೂ ಕೊಡುತ್ತಿದ್ದೇನೆ. ನಾಲ್ಕು ಜನಕ್ಕೆ ತಿಳಿಯಲೆಂದು ತಮಗೆ ಗೊತ್ತಿರುವ ಸಂಗತಿಯನ್ನೇ ಮತ್ತೊಮ್ಮೆ ಹೇಳಬೇಕಾಗಿದೆ, ಬೇಸರಿಸಬಾರದು. ತಾವು ನನಗೆ ಒಂದೇ ಹಾಡಿನ ಒಂದೇ ಸಾಲನ್ನು ಒಂದು ಗಂಟೆ ಹತ್ತು ನಿಮಿಷ ಕೇಳಿಸಿದಾಗ ನಾನೂ ಬೇಸರಿಸಲಿಲ್ಲ.

ಬೇಸಿಗೆ ಬಂತೆಂದರೆ ನಮ್ಮ ಓಣಿಯಲ್ಲಿ ಹಪ್ಪಳದ ಪಾಳಿ ಶುರುವಾಗುತ್ತದೆ. ಇವತ್ತು ನಮ್ಮ ಮನೆಗೆ ಹತ್ತು ಜನ ಹೆಣ್ಣುಮಕ್ಕಳು ಬಂದು ಲಟ್ಟಿಸಿಕೊಟ್ಟರೆ, ಆ ಹತ್ತೂ ಮನೆಗೆ ನಾನು ಒಂದೊಂದು ದಿನ ಹೋಗಿ ಲಟ್ಟಿಸಿ ಬರಬೇಕು. ಇದಕ್ಕೆ ಮುಯ್ಯಿ ಎನ್ನುತ್ತೇವೆ. ಇದರಲ್ಲಿ ಕೂಲಿ ಇಲ್ಲ, ಪಗಾರ ಇಲ್ಲ, ಕೆಲಸದಿಂದ ತೆಗೆದುಹಾಕುವುದಂತೂ ಇಲ್ಲವೇ ಇಲ್ಲ. ಹಾಗೇನಾದರೂ ಇದ್ದಿದ್ದರೆ ನಮ್ಮ ಓಣಿಯ ಎಪ್ಪತ್ತು ದಾಟಿದ ಕೆಂಪವ್ವ ನನ್ನನ್ನು ಎಂದೋ ತೆಗೆದುಹಾಕುತ್ತಿದ್ದಳು, ಏಕೆಂದರೆ ನನ್ನ ಹಪ್ಪಳಗಳು ದುಂಡಗಿರುವುದಿಲ್ಲ. ಇನ್ನೊಂದು ಪದ್ಧತಿ ಉಂಟು. ತನ್ನ ಪಾಳಿಯ ದಿನ ಮನೆಯಾಕೆ ಲಟ್ಟಣಿಗೆ ಮುಟ್ಟುವಂತಿಲ್ಲ. ಹಿಟ್ಟು ನಾದಿ, ಉಂಡೆ ಕಟ್ಟಿ, ಚಹಾ ಕಾಸಿ, ಬಿಸಿಲಿನಲ್ಲಿ ಸೀರೆ ಹಾಸಿ, ದಿನವಿಡೀ ನಿಂತೇ ಇರಬೇಕು, ಮಿಕ್ಕವರು ಕೂತು ಲಟ್ಟಿಸಬೇಕು.

ಕಳೆದ ತಿಂಗಳು ತಮ್ಮ ಇಲಾಖೆಯ ನಿರೀಕ್ಷಕರು ನಮ್ಮ ಅಂಗಳಕ್ಕೆ ಬಂದದ್ದು ನನ್ನ ಪಾಳಿಯ ದಿನವೇ. ಅವರು ಬಾಗಿಲಲ್ಲಿ ನಿಂತು ನೋಡಿದರು: ಒಬ್ಬಾಕೆ ನಿಂತಿದ್ದಾಳೆ, ಹನ್ನೊಂದು ಜನ ಕೂತಿದ್ದಾರೆ. ನಿಂತವಳು ಮಾಲಕಿ, ಕೂತವರು ಕೆಲಸಗಾರರು ಎಂದು ಅಷ್ಟು ದೂರದಿಂದಲೇ, ಚಪ್ಪಲಿ ಕೂಡ ಬಿಡದೆ, ಕಂಡುಹಿಡಿದ ಅವರ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಇಡೀ ಜನ್ಮದಲ್ಲಿ ನನ್ನನ್ನು ಯಾರಾದರೂ ಮಾಲಕಿ ಎಂದಿದ್ದರೆ ಅವರೊಬ್ಬರೇ.

ತಪ್ಪು ನನ್ನದೂ ಇದೆ, ಮುಚ್ಚಿಡುವುದಿಲ್ಲ. ಮನೆಗೆ ಬಂದ ಸರಕಾರಿ ಮನುಷ್ಯರನ್ನು ಬರಿಗೈಲಿ ಕಳಿಸಬಾರದೆಂದು, ಅವರು ಕೇಳದಿದ್ದರೂ ನನ್ನ ಮುಯ್ಯಿಯ ವಹಿಯನ್ನು ತಂದು ತೋರಿಸಿದೆ. ಯಾರು ಯಾವ ದಿನ ನಮ್ಮ ಮನೆಗೆ ಬಂದರು, ನಾನು ಯಾವ ದಿನ ಅವರ ಮನೆಗೆ ಹೋಗಿ ತೀರಿಸಿದೆ ಎಂದು ಗೆರೆ ಎಳೆದು, ಬಂದವರ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಮೂರು ವರ್ಷದಿಂದ ಬರೆದಿಟ್ಟ ವಹಿ ಅದು. ಮ್ಯಾಟ್ರಿಕ್‌ನಲ್ಲಿ ನನ್ನ ಅಕ್ಷರಕ್ಕೆ ಬಹುಮಾನ ಬಂದಿತ್ತು ಎಂಬ ಅಹಂಕಾರ ಇನ್ನೂ ಇಳಿದಿಲ್ಲ, ಏನು ಮಾಡುವುದು? ನಿರೀಕ್ಷಕರು ಅಕ್ಷರವನ್ನು ಹೊಗಳಿದರು, ಪುಟಪುಟದ ಫೋಟೊ ತೆಗೆದುಕೊಂಡರು, ಕೊನೆಗೆ ಒಂದು ಕಾಗದ ಮುಂದೆ ಮಾಡಿ ಸಹಿ ಕೇಳಿದರು. ನಾನು ಎರಡು ಸಹಿ ಮಾಡಿದೆ, ಮೊದಲನೆಯದು ಸ್ವಲ್ಪ ಸೊಟ್ಟಗಾಗಿತ್ತೆಂದು.

ಇಪ್ಪತ್ತು ದಿನಕ್ಕೆ ನೋಟಿಸು ಬಂತು. ನಾನು ಹತ್ತಕ್ಕಿಂತ ಹೆಚ್ಚು ಕೆಲಸಗಾರರನ್ನು ಇಟ್ಟುಕೊಂಡ ಹಪ್ಪಳ ಉದ್ಯಮಿಯಂತೆ, ಹಾಜರಿ ಪುಸ್ತಕ ಸಿಕ್ಕಿದೆಯಂತೆ, ಇವರೆಲ್ಲ ಮುಂದೊಂದು ದಿನ ಕೆಲಸ ಕಳೆದುಕೊಂಡರೆ ಅವರ ಹೊಟ್ಟೆಪಾಡಿಗೆಂದು, ಅವತ್ತು ಕೂತಿದ್ದ ಹನ್ನೊಂದು ತಲೆಗಳ ಲೆಕ್ಕದಲ್ಲೇ, ಮೂರು ವರ್ಷದ ನಿರುದ್ಯೋಗ ತೆರಿಗೆಯನ್ನು ದಂಡ ಸಮೇತ ತುಂಬಬೇಕಂತೆ. ಮೊತ್ತವನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಯಜಮಾನರು, ಅವರು ಮಾತು ಕಡಿಮೆ, ಅದನ್ನು ಓದಿ ನೇರವಾಗಿ ಹಟ್ಟಿಗೆ ಹೋಗಿ ಎರಡೂ ಎಮ್ಮೆಗಳ ಬೆನ್ನು ಸವರಿ ಬಂದರು. ಎಮ್ಮೆಗಳನ್ನು ಮಾರದೆ ಅದು ಹುಟ್ಟುವಂಥದಲ್ಲ ಎಂದು ನನಗೆ ಆಗಲೇ ತಿಳಿಯಿತು. ಅದಕ್ಕಿಂತ ದೊಡ್ಡದು ಇನ್ನೊಂದು. ಇವತ್ತು ನಾನು ಮಾಲಕಿಯಾದರೆ ನಾಳೆ ಪಾಳಿ ಇದ್ದವಳೂ ಮಾಲಕಿಯೇ ಅಲ್ಲವೇ? ಸುದ್ದಿ ಹಬ್ಬಿದ ದಿನದಿಂದ ಉಳಿದ ಪಾಳಿಗಳೆಲ್ಲ ನಿಂತುಹೋದವು. ಮೂವತ್ತು ವರ್ಷದಿಂದ ತೆರೆದೇ ಇದ್ದ ಬಾಗಿಲುಗಳನ್ನು ಜನ ಹಗಲಲ್ಲೇ ಮುಚ್ಚಿಕೊಳ್ಳತೊಡಗಿದರು. ನನಗೆ ನಿಜವಾಗಿ ಸಂಕಟವಾದದ್ದು ಅದಕ್ಕೆ.

ಅಥಣಿಯಲ್ಲಿ ವಕೀಲಿ ಮಾಡುವ ನನ್ನ ಅಣ್ಣನ ಮಗ ಸಂದೇಶ ಮೇಲ್ಮನವಿ ಬರೆದುಕೊಟ್ಟ. "ಅತ್ತಿ, ಮುಯ್ಯಿಗೆ ಕಾಯ್ದೇದಾಗ ಕಲಂ ಇಲ್ಲ. ಆದ್ರ ಹತ್ತ ಮಂದಿ ತನಕ ತೆರಿಗಿ ಇಲ್ಲಂತ ಕಲಂ ಐತಿ. ಹನ್ನೊಂದರಾಗ ಒಬ್ಬಾಕಿನ್ನ ತಗೀರಿ, ಕೇಸ್ ಮುಗೀತು" ಎಂದ. ಯಾರನ್ನು ತೆಗೆಯಬೇಕೆಂಬುದನ್ನೂ ಅವನೇ ಹುಡುಕಿದ್ದ. ಅದು ಅಕ್ಕುತಾಯಿ.

ಅಕ್ಕುತಾಯಿ ಯಾರೆಂದರೆ, ಸದಲಗಾದಿಂದ ಬಂದು ಒಂದು ವರ್ಷದ ಕೆಳಗೆ ನಮ್ಮ ಓಣಿಯಲ್ಲಿ ಹಾಲಿನ ಡೇರಿ ಇಟ್ಟ ಮಲ್ಲೇಶನ ಹೆಂಡತಿ. ನಿರೀಕ್ಷಕರು ಬಂದ ದಿನ ಅವಳು ಬಂದದ್ದು ಹಪ್ಪಳಕ್ಕಲ್ಲ, ಹಾಲಿಗೆ ಹಾಕಲು ಒಂದು ಚಮಚೆ ಹೆಪ್ಪು ಕೇಳಲು. ಹಾಲಿನ ಡೇರಿಯವರ ಮನೆಯಲ್ಲಿ ಮೊಸರಿಗೆ ಬರ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಒಂದು ವರ್ಷ ಯಾರೂ ಒಳಗೆ ಕರೆಯದ ಹೆಣ್ಣುಮಗಳು ಬಾಗಿಲು ತಟ್ಟಲು ಏನಾದರೊಂದು ನೆವ ಬೇಕಿತ್ತು. ಹೆಪ್ಪಿಗೆಂದು ತಂದ ವಾಟಗ ಹಿಡಿದು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಮೂಲೆಯಲ್ಲಿದ್ದ ಲಟ್ಟಣಿಗೆ ಎತ್ತಿಕೊಂಡು ಕೂತು ನಾಲ್ಕು ಹಪ್ಪಳ ಲಟ್ಟಿಸಿದಳು. ಮುಯ್ಯಿಗೆ ನಮ್ಮಲ್ಲಿ ಯಾರನ್ನೂ ಕರೆಯುವ ಪದ್ಧತಿ ಇಲ್ಲ, ಬಿಡಿಸುವ ಪದ್ಧತಿಯೂ ಇಲ್ಲ. ಲಟ್ಟಣಿಗೆ ಮುಟ್ಟಿದಳೋ, ಸೇರಿದಳು. ಕೆಂಪವ್ವ ಅವಳ ಮೊದಲ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ, "ಸದಲಗಾದಾಗ ಹಪ್ಪಳ ದುಂಡಗ ಮಾಡ್ತಾರ ಬಿಡವಾ, ತ್ರಿಶಲಾನಂಗ ನಕಾಶಿ ತಗ್ಯಂಗಿಲ್ಲ" ಎಂದಳು. ಅಷ್ಟಾದ ಮೇಲೆ ಅವಳ ಹೆಸರನ್ನು ವಹಿಯಲ್ಲಿ ಬರೆದವಳು ನಾನೇ, ಕೆಂಪು ಶಾಯಿಯಲ್ಲಿ. ಮೇ ತಿಂಗಳಲ್ಲಿ ಅವಳ ಮಗಳ ಮದುವೆ; ಆ ಮದುವೆಯ ಹಪ್ಪಳಕ್ಕೆ ಓಣಿಯವರೆಲ್ಲ ಅವಳ ಮನೆಗೆ ಹೋಗುವುದೆಂದೂ ಅವತ್ತೇ ಠರಾವಾಯಿತು.

ಈಗ ವಿಚಾರಣೆಗೆ ಬರುತ್ತೇನೆ. ಕಚೇರಿಗೆ ಅಲೆಯುವ ಕಷ್ಟ ತಪ್ಪಿಸಲು ತಾವು ಫೋನಿನಲ್ಲಿಯೇ ವಿಚಾರಣೆ ಇಟ್ಟಿರಿ, ದೊಡ್ಡ ಉಪಕಾರ. ಸಿದ್ಧತೆಯ ಬಗ್ಗೆ ತಾವು ಕಳಿಸಿದ ಸೂಚನಾಪತ್ರವನ್ನು ನಾನು ದಿನಾ ಸ್ನಾನ ಮಾಡಿ ಓದುತ್ತಿದ್ದೆ. ಅದರಲ್ಲಿ ಅರ್ಜಿದಾರರು ನಿಶ್ಶಬ್ದವಾದ ಕೋಣೆಯಲ್ಲಿ ಇರತಕ್ಕದ್ದು ಎಂದಿತ್ತು. ನಮ್ಮ ಮನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಮರಾಠಿ ಹಾಡು ಹಚ್ಚಿಕೊಂಡು ಹೋಗುತ್ತವೆ, ಹಿಂದೆ ಹಿಟ್ಟಿನ ಗಿರಣಿ, ಮಗ್ಗುಲಿಗೆ ಮಲ್ಲೇಶನ ಡೇರಿಯ ಕ್ಯಾನುಗಳು. ಆದರೂ ನನ್ನ ಯಜಮಾನರು ರಸ್ತೆಯ ಮೇಲೆ ಟಾವೆಲು ಬೀಸಿ ನಿಂತು ಟ್ರ್ಯಾಕ್ಟರಿನವರಿಗೆಲ್ಲ ಹಾಡು ನಿಲ್ಲಿಸಲು ಕೈಮುಗಿದರು. ಒಬ್ಬ ಡ್ರೈವರು ಯಾರೋ ತೀರಿಕೊಂಡಿದ್ದಾರೆಂದು ತಿಳಿದು ಇಳಿದು ಬಂದು ಸಮಾಧಾನ ಹೇಳಿ ಹೋದ.

ವಿಚಾರಣೆಯ ಹೊತ್ತಿಗೆ ಅರ್ಜಿದಾರರು ರಾಜ್ಯದ ಗಡಿಯೊಳಗೆ ಇರತಕ್ಕದ್ದು ಎಂದೂ ಇತ್ತು. ನಾನು ಇರುತ್ತೇನೆ, ನನ್ನ ಫೋನು ಇರುವುದಿಲ್ಲ. ಪಡಸಾಲೆಯಲ್ಲಿ ಅದು ಕರ್ನಾಟಕದಲ್ಲಿರುತ್ತದೆ, ಅಡಿಗೆಮನೆಗೆ ಹೋದರೆ ಮಹಾರಾಷ್ಟ್ರಕ್ಕೆ ಸ್ವಾಗತ ಎಂದು ಮೆಸೇಜು ತರುತ್ತದೆ, ಹಿತ್ತಲಿನಲ್ಲಿ ಎರಡೂ ಸರಕಾರಗಳನ್ನು ಬಿಟ್ಟು ಸುಮ್ಮನಾಗುತ್ತದೆ. ಎರಡು ದಿನ ಫೋನು ಹಿಡಿದು ತಿರುಗಿ, ಪಡಸಾಲೆಯ ಕಂಬದ ಎಡಕ್ಕೆ ಒಂದು ಮೊಳ ಜಾಗದಲ್ಲಿ ಕರ್ನಾಟಕ ಗಟ್ಟಿಯಾಗಿ ಸಿಗುತ್ತದೆಂದು ಕಂಡುಕೊಂಡು ಅಲ್ಲಿ ಸುಣ್ಣದಲ್ಲಿ ಗೆರೆ ಎಳೆದೆವು.

ಸಾಕ್ಷಿಗಳು ಸ್ಪಷ್ಟವಾಗಿ ಉತ್ತರಿಸತಕ್ಕದ್ದು ಎಂಬ ಸೂಚನೆಗಾಗಿ ಕೆಂಪವ್ವನಿಗೆ ನಾಲ್ಕು ದಿನ ತಾಲೀಮು ಕೊಟ್ಟೆ. ಅವಳು ಹೌದು ಅನ್ನುವುದಕ್ಕೆ ತಲೆ ಆಡಿಸುತ್ತಾಳೆ. ಫೋನಿನಲ್ಲಿ ತಲೆ ಕಾಣುವುದಿಲ್ಲ ಎಂದೆ. "ಕಾಣದಿದ್ರ ಅವ್ರ ಹ್ಯಾಂಗ ನ್ಯಾಯಾ ಮಾಡ್ತಾರಬೇ?" ಎಂದಳು. ಇದಕ್ಕೆ ಉತ್ತರ ಸೂಚನಾಪತ್ರದಲ್ಲಿ ಎರಡೂ ಮಗ್ಗುಲು ಹುಡುಕಿದರೂ ಸಿಗಲಿಲ್ಲ. ಪ್ರಮಾಣ ಮಾಡುವುದೆಂದರೆ ಮಂಗಸೂಳಿ ಮಲ್ಲಯ್ಯನ ಭಂಡಾರ ಹಣೆಗೆ ಹಚ್ಚಿಕೊಂಡೇ ಮಾಡಬೇಕೆಂದು ಹಟ ಹಿಡಿದಳು. ಅಷ್ಟೇ ಅಲ್ಲ, ಕೇಳುವವರಿಗೂ ಹಚ್ಚಬೇಕೆಂದು ನನ್ನ ಫೋನಿಗೂ ಭಂಡಾರ ಹಚ್ಚಿದಳು. ಅಂದಿನಿಂದ ತಮ್ಮ ಧ್ವನಿ ಸ್ವಲ್ಪ ಗೊಗ್ಗರಾಗಿ ಕೇಳಿಸುತ್ತಿದ್ದರೆ ಅದು ತಮ್ಮ ಗಂಟಲಿನ ದೋಷವಲ್ಲ, ದೇವರ ಅರಿಶಿಣ.

ಅಕ್ಕುತಾಯಿಗೆ ಮಾತ್ರ ತಾಲೀಮು ಬೇಕಾಗಲಿಲ್ಲ. ಸಂದೇಶ ಹೇಳಿಕೊಟ್ಟ ಮಾತನ್ನು ಒಂದೇ ಸಲಕ್ಕೆ ಕಲಿತು, "ವೈನಿ, ನನ್ನಿಂದ ನಿಮ್ಮ ಎಮ್ಮಿ ಉಳಿತಾವಂದ್ರ ನಾ ಹೇಳ್ತೀನಿ ತಗೋರಿ" ಎಂದು ಹೋದಳು. ಅವತ್ತಿನಿಂದ ಅವಳು ಹೆಪ್ಪಿಗೂ ಬರಲಿಲ್ಲ.

ನಿಗದಿಯಾದದ್ದು ಸಂಜೆ ಐದೂವರೆ. ಐದಕ್ಕೇ ನಾನು ಎಲ್ಲರಿಗೂ ಕೇಳುವಂತೆ ಫೋನಿನ ಸ್ಪೀಕರು ಹಚ್ಚಿಕೊಂಡು ಸುಣ್ಣದ ಗೆರೆಯೊಳಗೆ ಕೂತೆ, ಸಾಕ್ಷಿಗಳಿಬ್ಬರು ಗೆರೆಯ ಹೊರಗೆ, ಓಣಿಯ ಹೆಂಗಸರು ಬಾಗಿಲ ಹೊರಗೆ. ತಮ್ಮ ಯಂತ್ರದ ಅಮ್ಮನವರು ನಾನು ತಮಗೆ ಬಹಳ ಅಮೂಲ್ಯಳೆಂದು ಹೇಳಿ ಹಾಡು ಹಚ್ಚಿ ಹೋದರು. ಐದು ನಿಮಿಷಕ್ಕೊಮ್ಮೆ ಬಂದು ನಾನು ಇನ್ನೂ ಅಮೂಲ್ಯಳಾಗಿಯೇ ಇದ್ದೇನೆಂದು ಖಾತ್ರಿ ಕೊಡುತ್ತಿದ್ದರು. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ನನ್ನ ಯಜಮಾನರು ಒಮ್ಮೆಯೂ ಹೇಳದ ಮಾತನ್ನು ಅವರು ಒಂದೇ ಸಂಜೆ ಹದಿನಾಲ್ಕು ಸಲ ಹೇಳಿದರು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ ಅಡಿಗೆಮನೆಯಲ್ಲಿ, ಅಂದರೆ ಮಹಾರಾಷ್ಟ್ರದಲ್ಲಿ, ಮುಚ್ಚಿಟ್ಟಿತ್ತು. ನಾನು ಕರ್ನಾಟಕ ಬಿಟ್ಟು ಏಳುವಂತಿರಲಿಲ್ಲ. ತಾವು ಫೋನೆತ್ತಿದ್ದು ಆರು ನಲವತ್ತಕ್ಕೆ. ಆ ದಿನ ಉಪವಾಸ ಮಲಗಿದೆ; ಪುಣ್ಯ ಬಂದಿದ್ದರೆ ಅದರಲ್ಲಿ ಅರ್ಧ ತಮ್ಮದು.

ಮುಂದಿನದನ್ನು ತಾವು ಬರೆದುಕೊಂಡಿರಬಹುದು, ಆದರೂ ನಾನು ಕಂಡದ್ದನ್ನು ಹೇಳುತ್ತೇನೆ. ತಾವು ಮೊದಲು ಕರೆದದ್ದು ಅಕ್ಕುತಾಯಿಯನ್ನು. ಅವಳು ಫೋನು ಹಿಡಿದು, ನೆಲ ನೋಡುತ್ತ, "ನಾ ಹೆಪ್ಪಿಗಷ್ಟ ಬಂದಿದ್ನಿರಿ ಸಾಹೇಬ್ರ. ಆ ಹಪ್ಪಳಕ್ಕೂ ನನಗೂ ಸಂಬಂಧ ಇಲ್ಲರಿ. ನಾ ಅವರಾಗಿನಾಕಿ ಅಲ್ಲರಿ" ಎಂದಳು. ಕಲಿಸಿದ ಮಾತಿನಲ್ಲಿ ಕೊನೆಯದು ಇರಲಿಲ್ಲ, ಅದನ್ನು ಅವಳೇ ಸೇರಿಸಿದ್ದಳು. ತಮಗೆ ಅದು ಸ್ಪಷ್ಟವಾದ ಉತ್ತರವಾಗಿ ಕೇಳಿಸಿರಬೇಕು. ಆದರೆ ಫೋನಿನಲ್ಲಿ ಕಾಣದ್ದು ನನಗೆ ಕಂಡಿತು. ಒಂದು ವರ್ಷ ಬಾಗಿಲ ಹೊರಗೆ ನಿಂತು, ಒಂದೇ ಒಂದು ದಿನ ಒಳಗೆ ಕೂತವಳು, ನನ್ನ ಎಮ್ಮೆಗಳಿಗಾಗಿ ತಾನಾಗಿ ಎದ್ದು ಹೊರಗೆ ಹೋಗುತ್ತಿದ್ದಳು, ಅದೂ ಮಗಳ ಮದುವೆಯ ಮುಂದೆ. ಕೆಂಪವ್ವ ನನ್ನನ್ನೇ ನೋಡುತ್ತಿದ್ದಳು, ತಲೆ ಆಡಿಸದೆ.

ನಾನು ಅವಳ ಕೈಯಿಂದ ಫೋನು ಕಸಿದುಕೊಂಡೆ. ಸೂಚನಾಪತ್ರದ ಪ್ರಕಾರ ಅದು ತಪ್ಪು, ಕ್ಷಮೆ ಇರಲಿ. "ಹನ್ನೊಂದ ಮಂದಿ ರೀ ಸಾಹೇಬ್ರ. ಅಕ್ಕುತಾಯಿನ್ನ ಹಿಡದ ಹನ್ನೊಂದ. ಬರ್ಕೋರಿ" ಎಂದೆ. ಇನ್ನೊಂದು ಫೋನಿನಲ್ಲಿ ಕೇಳುತ್ತಿದ್ದ ಸಂದೇಶ "ಅತ್ತೀ" ಎಂದು ಕೂಗಿದ್ದು ತಮಗೂ ಕೇಳಿಸಿರಬೇಕು. ತಾವು "ಯೋಚನಾ ಮಾಡಿ ಹೇಳ್ರಿ ಅಮ್ಮಾ, ಹತ್ತೋ ಹನ್ನೊಂದೋ?" ಎಂದು ಮತ್ತೊಮ್ಮೆ ಕೇಳಿದಿರಿ. ಹಾಗೆ ಎರಡನೆಯ ಸಲ ಕೇಳುವ ಜರೂರು ತಮಗಿರಲಿಲ್ಲ, ಅದನ್ನು ನಾನು ಮರೆಯುವುದಿಲ್ಲ. ನಾನು ಮತ್ತೆ ಹನ್ನೊಂದೇ ಎಂದೆ. ಆಗ ತಾವು ಒಂದು ನಿಮಿಷ ಎಂದು ಫೋನು ಕೆಳಗಿಟ್ಟು ಎದ್ದುಹೋದಿರಿ, ಆ ನಿಮಿಷದ ವಿಷಯ ಕೊನೆಗೆ ಬರೆಯುತ್ತೇನೆ. ತಾವು ಮರಳುವ ಹೊತ್ತಿಗೆ ನನ್ನ ಫೋನು ಸುಣ್ಣದ ಗೆರೆಯನ್ನೂ ಲೆಕ್ಕಿಸದೆ ಮಹಾರಾಷ್ಟ್ರಕ್ಕೆ ಹೊರಟುಹೋಗಿ ಮಾತು ಕಡಿಯಿತು. ಮರುದಿನ ಮುಂದಿನ ವಿಚಾರಣೆ ಹದಿನಾಲ್ಕನೇ ತಾರೀಖಿಗೆ ಎಂಬ ಮೆಸೇಜು ಬಂತು, ನಿಶ್ಶಬ್ದ ಕೋಣೆಯ ನೆನಪಿನೋಲೆಯ ಸಮೇತ.

ಆ ಸಂಜೆ ಏನಾಯಿತೆಂದರೆ, ಅಕ್ಕುತಾಯಿ ಅಳುತ್ತ ಕೂತಳು, ನಾನೂ ಸ್ವಲ್ಪ ಅತ್ತೆ, ಎಮ್ಮೆಗಳ ಸಲುವಾಗಿ ಎಂದು ಹೇಳಿಕೊಂಡೆ. ಯಜಮಾನರು ಟಾವೆಲು ಹೆಗಲಿಗೆ ಹಾಕಿಕೊಂಡು ಬಂದು, ಎಲ್ಲ ಕೇಳಿ, "ಹೋದ್ರ ಹೋಗ್ಲಿ" ಎಂದರು. ಅವರ ಮಟ್ಟಿಗೆ ಅದು ಭಾಷಣ. ಕೆಂಪವ್ವ ಎದ್ದು ನಿಂತು ಹೊರಗಿದ್ದವರಿಗೆಲ್ಲ ಕೇಳುವಂತೆ, "ಯಾರ್‍ಯಾರ ಪಾಳಿ ಉಳದೈತೋ ನಾಳಿಂದ ಚಾಲೂ ಮಾಡ್ರಿ. ನೋಟೀಸ ಬಂದ್ರ ಎಲ್ಲಾರಿಗೂ ಬರ್ಲಿ, ಕಟ್ಟಿ ಮ್ಯಾಲ ಕೂತ ಕೂಡೇ ಓದೂಣು" ಎಂದಳು.

ಆದ್ದರಿಂದ ಕೆಲವು ವಿನಂತಿಗಳು. ಹದಿನಾಲ್ಕನೇ ತಾರೀಖು ಅಕ್ಕುತಾಯಿಯ ಪಾಳಿ. ನಮ್ಮೆಲ್ಲರ ಕೈ ಹಿಟ್ಟಿನಲ್ಲಿರುತ್ತದೆ, ಬಾಯಿ ಅವಳ ಮಗಳ ಮದುವೆಯ ಮಾತಿನಲ್ಲಿರುತ್ತದೆ, ನಿಶ್ಶಬ್ದ ಕೋಣೆ ನಮ್ಮಿಂದ ಆಗದು. ಬೇಕಿದ್ದರೆ ತಮ್ಮ ಇಲಾಖೆಯೇ ಒಂದನ್ನು ಲಾರಿಯಲ್ಲಿ ಹೇರಿ ಕಳಿಸಿಕೊಡಲಿ, ಇಳಿಸಲು ಯಜಮಾನರಿದ್ದಾರೆ. ವಿಚಾರಣೆ ತಡವಾಗುವುದಾದರೆ ಆ ದಿನದ ಸೂರ್ಯಾಸ್ತವನ್ನೂ ಅಷ್ಟೇ ಹೊತ್ತು ಮುಂದೂಡಲು ಸಂಬಂಧಪಟ್ಟವರಿಗೆ ಬರೆಯಬೇಕು. ಹಾಡಿನ ಎರಡನೆಯ ಸಾಲು ಏನೆಂದು ತಿಳಿಯುವ ಕುತೂಹಲ ಇಡೀ ಓಣಿಗೇ ಇದೆ. ಇನ್ನು, ನಾನು ಮಾಲಕಿ ಎಂಬುದು ಖರೆಯಾದರೆ, ವರ್ಷಕ್ಕೆ ಹನ್ನೊಂದು ದಿನ ಹನ್ನೊಂದು ಮನೆಗೆ ಹೋಗಿ ಲಟ್ಟಿಸುವ ನಾನು ಅಲ್ಲೆಲ್ಲ ಕೆಲಸಗಾರ್ತಿಯೂ ಹೌದು, ಉಳಿದ ಮುನ್ನೂರ ಐವತ್ತನಾಲ್ಕು ದಿನ ಆ ಹನ್ನೊಂದೂ ಕಡೆ ನಿರುದ್ಯೋಗಿಯೂ ಹೌದು. ಸದರಿ ನಿಧಿಯಿಂದ ನನಗೆ ಬರಬೇಕಾದ ಹನ್ನೊಂದು ಪಟ್ಟು ಭತ್ಯೆಯನ್ನು, ಹೆಚ್ಚು ಬಲವಂತವಿಲ್ಲ, ಎರಡು ಎಮ್ಮೆಗಳ ರೂಪದಲ್ಲಿ ಕೊಟ್ಟರೂ ನಡೆಯುತ್ತದೆ.

ಎಲ್ಲಕ್ಕಿಂತ ಒಳ್ಳೆಯದೆಂದರೆ ಅವತ್ತು ತಾವೇ ಅಕ್ಕುತಾಯಿಯ ಅಂಗಳಕ್ಕೆ ಬಂದುಬಿಡುವುದು. ಬಂದು ನೋಡಿದರೆ ನಿಂತವಳು ಅವಳು, ಕೂತವರಲ್ಲಿ ನಾನೊಬ್ಬಳು. ಒಂದು ತಿಂಗಳಲ್ಲಿ ಮಾಲಕಿ ಕೆಲಸಗಾರ್ತಿಯಾದ ಈ ಉದ್ಯಮಕ್ಕೆ ಯಾವ ಕಲಂ ಹಚ್ಚಬೇಕೆಂದು ತಾವು ಚಹಾ ಕುಡಿಯುತ್ತ ಯೋಚಿಸಬಹುದು. ಒಂದೇ ಎಚ್ಚರಿಕೆ, ಲಟ್ಟಣಿಗೆಯನ್ನು ಮಾತ್ರ ಮುಟ್ಟಬೇಡಿ. ಮುಟ್ಟಿದಿರೋ, ನಾವೆಲ್ಲ ತಮ್ಮ ಮನೆಗೆ ಒಂದು ದಿನ ಬಂದು ತೀರಿಸಬೇಕಾಗುತ್ತದೆ.

ತಾವು ಹತ್ತೆಂದು ಬರೆದರೂ ಹನ್ನೊಂದೇ ಆಗಿರುವ ಓಣಿಯಿಂದ,
ತಮ್ಮ ವಿಶ್ವಾಸಿ,
ತ್ರಿಶಲಾ ಭೀಮಗೊಂಡ ಮಗದುಮ್
(ಈ ಸಲ ಒಂದೇ ಸಹಿ)

ತಾ.ಕ.: ತಾವು ಫೋನು ಕೆಳಗಿಟ್ಟು ಹೋದ ಆ ಒಂದು ನಿಮಿಷ ಹನ್ನೆರಡು ನಿಮಿಷವಾಯಿತು. ನಾವು ಕದ್ದು ಕೇಳಲಿಲ್ಲ; ತಾವು ಹಾಡು ಹಚ್ಚುವುದನ್ನು ಮರೆತಿದ್ದಿರಿ. ಮೊದಲು ಕುಕ್ಕರಿನ ಸೀಟಿ ಕೇಳಿತು, ಆಮೇಲೆ ತುಂಬ ಜನ ಹೆಂಗಸರ ನಗೆ, ಆಮೇಲೆ ಒಬ್ಬ ಹಿರಿಯರ ಧ್ವನಿ: "ಹೊತ್ತ ಮುಣಗಾಕತ್ತೈತಿ, ಹಪ್ಪಳ ತಗೀರಿ. ದಾನೇಶ್ವರಿ, ನಾಳೆ ನಿನ್ನ ಪಾಳಿ ಅಲ್ಲೇನವಾ? ಬರ್ತೇವಿ ತಗೋ ಎಲ್ಲಾರೂ." ತಾವು "ಅವ್ವಾ, ಹಗೂರ ಮಾತಾಡ, ವಿಚಾರಣಿ ನಡದೈತಿ" ಎಂದಿರಿ. "ನಿನ್ನ ವಿಚಾರಣಿ ಇರ್ಲಿ, ಮಾಳಗಿ ಮ್ಯಾಲಿನ ಸೀರಿ ಮಡಚ ಬಾ" ಎಂದರು ಅವರು. ತಾವು ಹೋದಿರಿ. ಮಕ್ಕಳೆಂದರೆ ಹಾಗಿರಬೇಕು ಎಂದು ನಾವೆಲ್ಲ ಮಾತಾಡಿಕೊಂಡೆವು. ಕೆಂಪವ್ವ ಅಷ್ಟರಲ್ಲಿ ಬೆರಳು ಮಡಚಿ ಧ್ವನಿಗಳನ್ನು ಎಣಿಸಿ ಮುಗಿಸಿದ್ದಳು, ಹತ್ತಕ್ಕಿಂತ ಹೆಚ್ಚೇ ಇದ್ದವು. ಯಾರ ಮುಂದೂ ಹೇಳಕೂಡದೆಂದು ಅವಳಿಗೆ ತಾಕೀತು ಮಾಡಿದ್ದೇನೆ. ತಮ್ಮ ತಾಯಿಯವರು ಆ ಹೊತ್ತಿಗೆ ಕೂತಿದ್ದರೋ ನಿಂತಿದ್ದರೋ, ಫೋನು ನೋಡಿ, ನಮಗೆ ಕಾಣಿಸಲಿಲ್ಲ.